ಜಕ್ಕೂರಿನ ಆ ಹಾರಾಟ

ನಮ್ಮ ಗರುಡಾಚಾರ್‌ಪಾಳ್ಯದ ಹೆಸರಿನಲ್ಲೇ ಗರುಡನಿದ್ದಾನೆ. ಎಚ್‌ಎಎಲ್ ವಿಮಾನ ನಿಲ್ದಾಣವೂ ಇಲ್ಲಿಗೆ ದೂರವಲ್ಲ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಸ್ಥಳಾಂತರಗೊಳ್ಳುವವರೆಗೂ ಅವುಗಳ ಸದ್ದು ಈ ಭಾಗದವರಿಗೆ ನಿತ್ಯದ ಸಂಗತಿಯಾಗಿತ್ತು. ಆದರೆ ಸಣ್ಣ ವಿಮಾನದ ಅಪಘಾತವೆಂದರೆ ಕನ್ನಡಿಗರಿಗೆಲ್ಲ ನೆನಪಾಗುವುದು ನಗರದ ಉತ್ತರಕ್ಕಿರುವ ಜಕ್ಕೂರು.

2004ರ ಏಪ್ರಿಲ್ 17, ಶನಿವಾರ. ಮುಳಬಾಗಿಲು ಮೂಲದ ನಟಿ ಸೌಂದರ್ಯ, ಅವರ ಅಣ್ಣ ಅಮರನಾಥ್ ಹಾಗೂ ಇನ್ನೊಬ್ಬರು, ಚಾಲಕನೊಡನೆ, ನಾಲ್ಕು ಆಸನಗಳ ಸೆಸ್ನಾ 180 ವಿಮಾನವನ್ನೇರಿದರು. ಚುನಾವಣಾ ಪ್ರಚಾರಕ್ಕಾಗಿ ಅಂದಿನ ಆಂಧ್ರಪ್ರದೇಶದ ಕರೀಂನಗರಕ್ಕೆ ಹೊರಟಿದ್ದ ಪಯಣವದು. ಹನ್ನೊಂದು ಗಂಟೆಯ ಸುಮಾರಿಗೆ ನೆಲ ಬಿಟ್ಟ ವಿಮಾನವು ನೂರಡಿಯಷ್ಟು ಏರಿ, ಸಮೀಪದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಉರುಳಿ ಹೊತ್ತಿ ಉರಿಯಿತು. ನಾಲ್ವರೂ ಉಳಿಯಲಿಲ್ಲ. ಸ್ವರ್ಣಕಮಲ ಪಡೆದ ‘ದ್ವೀಪ’ದ ನಾಯಕಿಯೂ ನಿರ್ಮಾಪಕಿಯೂ ಆಗಿದ್ದ ಆಕೆಯ ‘ಆಪ್ತಮಿತ್ರ’ ತೆರೆಕಂಡದ್ದು ಅದೇ ವರ್ಷದ ಆಗಸ್ಟ್‌ನಲ್ಲಿ, ಆಕೆ ಇಲ್ಲದ ಮೇಲೆ.

ಅಂದಿನಿಂದ ಇಂದಿನವರೆಗೂ ಜನರ ಬಾಯಲ್ಲಿ ಜಾತಕದ ಮಾತು, ಅಪಶಕುನದ ಮಾತು. ದುಃಖಕ್ಕೆ ಅದೊಂದು ಆಸರೆಯಿರಬಹುದು. ಆದರೆ ‘ವಿಧಿ’ ಎಂದೊಡನೆ ಪ್ರಶ್ನೆ ಮುಗಿದುಹೋಗುತ್ತದೆ; ಮುಂದಿನ ಪ್ರಯಾಣಿಕನಿಗೆ ಅದರಿಂದ ಪ್ರಯೋಜನವಿಲ್ಲ. ಸಣ್ಣ ವಿಮಾನಗಳು ಮೇಲೇರುವಾಗಲೇ ಬೀಳುವುದಕ್ಕೆ ತಿಳಿಯಬಹುದಾದ ಕಾರಣಗಳಿವೆ.

ಆ ಗಳಿಗೆಯಲ್ಲಿ ಎತ್ತರ ಕಡಿಮೆ, ವೇಗ ಕಡಿಮೆ, ಯೋಚಿಸಲು ಸಮಯವೂ ಕಡಿಮೆ. ರೆಕ್ಕೆಯನ್ನು ಎತ್ತಿಹಿಡಿಯುವುದು ಗಾಳಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು. ಬೇಸಿಗೆಯಲ್ಲಿ ಇನ್ನೂ ತೆಳು. ರೆಕ್ಕೆಗೂ ಎಂಜಿನ್ನಿಗೂ ಆಗ ಬಲ ಕುಗ್ಗುತ್ತದೆ. ತೂಕ ಹೆಚ್ಚಿದಷ್ಟೂ ಹೆಚ್ಚು ವೇಗ, ಹೆಚ್ಚು ಉದ್ದದ ರನ್‌ವೇ ಬೇಕು. 45 ಡಿಗ್ರಿ ವಾಲಿಸಿ ಎತ್ತರ ಕಳೆದುಕೊಳ್ಳದೆ ತಿರುಗಬೇಕಾದರೆ, ಆಸರೆ ತಪ್ಪದಿರಲು ಬೇಕಾದ ಕನಿಷ್ಠ ವೇಗ ಶೇಕಡಾ 19ರಷ್ಟು ಏರುತ್ತದೆ. ಆದ್ದರಿಂದಲೇ, ಏರುತ್ತಿರುವಾಗ ಎಂಜಿನ್ ಕೈಕೊಟ್ಟರೆ ರನ್‌ವೇಗೆ ಹಿಂದಿರುಗಲು ಹೋಗಬೇಡಿ, ಮುಂದೆ ಕಾಣುವ ಬಯಲಿನಲ್ಲೇ ಇಳಿಸಿ ಎಂದು ಚಾಲಕರಿಗೆ ಕಲಿಸುತ್ತಾರೆ.

ಇದಕ್ಕೆ ಹೊರನಾಡಿನದೊಂದು ನಿದರ್ಶನವಿದೆ. 2001ರ ಆಗಸ್ಟ್ 25ರಂದು ಬಹಾಮಾಸ್ ದ್ವೀಪಗಳಲ್ಲಿ ಅಮೆರಿಕದ 22ರ ಹರೆಯದ ಗಾಯಕಿ ಆಲಿಯಾ ಅವರಿದ್ದ ಸೆಸ್ನಾ 402 ಮೇಲೇರಿದೊಡನೆ ಬಿದ್ದು ಒಂಬತ್ತು ಮಂದಿ ಸತ್ತರು. ಮಿತಿಗಿಂತ ಸುಮಾರು 700 ಪೌಂಡ್ ಹೆಚ್ಚು ಭಾರವಿತ್ತು, ಅದೂ ಹಿಂಭಾಗಕ್ಕೆ ಸರಿದಿತ್ತು ಎಂದು ತನಿಖೆ ಕಂಡುಕೊಂಡಿತು. ಅದು ನೆಲದ ಮೇಲೆಯೇ ಮಾಡಬಹುದಾಗಿದ್ದ ಲೆಕ್ಕ.

ಎಲ್ಲ ಅಪಘಾತಗಳಿಗೂ ತೂಕವೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಪ್ರತಿ ಅಪಘಾತಕ್ಕೂ ಕಾರಣವಿದೆ, ಅದನ್ನು ಹುಡುಕುವುದೇ ಸತ್ತವರಿಗೆ ನಾವು ಸಲ್ಲಿಸಬೇಕಾದ ಗೌರವ. ನನ್ನ ಹಳೆಯ ವಿದ್ಯಾರ್ಥಿಗಳೇ, ಎಂದಾದರೂ ಸಣ್ಣ ವಿಮಾನವೇರುವ ಪ್ರಸಂಗ ಬಂದರೆ, ಚಾಲಕ ನಿಮ್ಮ ತೂಕ ಕೇಳಿದಾಗ ಸಂಕೋಚವಿಲ್ಲದೆ ನಿಜವನ್ನೇ ಹೇಳಿ. ಒಂದು ಚೀಲ ಇಳಿಸಿ ಎಂದರೆ ಇಳಿಸಿ. ‘ಇಂದು ಬೇಡ’ ಎಂದರೆ, ಆತನಿಗೆ ವಂದಿಸಿ ಮನೆಗೆ ಬನ್ನಿ.