ಯಾರ ಕದ ತಟ್ಟಬೇಕು? ಹಿಂಸೆ, ಪ್ರಚಾರ ಮತ್ತು ನಮ್ಮ ನಾಲ್ಕು ತಾಲೂಕು

2025ರ ಮೇ ತಿಂಗಳಲ್ಲಿ ಅಕ್ಕಿಆಲೂರಿನಲ್ಲಿ ಒಂದು ಮೆರವಣಿಗೆ ನಡೆಯಿತು. ಹಾನಗಲ್ಲಿನ 2024ರ ಜನವರಿಯ ಸಾಮೂಹಿಕ ಅತ್ಯಾಚಾರ ಪ್ರಕರಣದ ಏಳು ಮಂದಿ ಆರೋಪಿಗಳು ಜಾಮೀನಿನ ಮೇಲೆ ಹೊರಬಂದಿದ್ದರು. ಕಾರು, ಬೈಕು, ಹಾಡು, ಎತ್ತಿದ ಎರಡು ಬೆರಳು. ಎಲ್ಲವೂ ವಿಡಿಯೋ ಆಗಿ ಜಿಲ್ಲೆಯ ತುಂಬ ಹರಿದಾಡಿತು. ಪೊಲೀಸರು ಮತ್ತೊಂದು ಮೊಕದ್ದಮೆ ಹಾಕಿದರು. ಆ ವಾರ ನಾನು ಹಾಸ್ಟೆಲ್ಲಿನ ಹುಡುಗರ ಜೊತೆ ಮಾತಾಡಲು ಹೋಗಿದ್ದೆ. ನಿವೃತ್ತಿಯಾದ ಮೇಲೆ ನನಗೆ ಉಳಿದಿರುವ ಚಟ ಇದೊಂದೇ. ಹುಡುಗರ ಕೈಯಲ್ಲಿ ಅದೇ ವಿಡಿಯೋ. ಬೈಯುತ್ತಲೇ ನೋಡುತ್ತಿದ್ದರು, ನೋಡುತ್ತಲೇ ಬೈಯುತ್ತಿದ್ದರು. ಒಬ್ಬ ಮಾತ್ರ ಮೆಲ್ಲಗೆ ಅಂದ: "ಸರ, ಮಂದಿ ಕೆಟ್ಟದ್ದೈತಿ, ಖರೆ. ಎಡಿಟಿಂಗ್ ಮಾತ್ರ ಚಲೋ ಮಾಡ್ಯಾರ."

ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ನಿಜ ಹೇಳಿದ್ದ. ಹಿಂಸೆ ಮಾಡುವವರು ಪ್ರಚಾರದ ಕಲೆಯನ್ನು ನಮಗಿಂತ ಚೆನ್ನಾಗಿ ಬಲ್ಲರು, ಮತ್ತು ಇದು ಇವತ್ತಿನ ಮಾತಲ್ಲ. ಹಾನಗಲ್ ಪ್ರಕರಣದಲ್ಲೂ ವಸತಿಗೃಹದ ಕೋಣೆಗೆ ನುಗ್ಗಿ ಹೊಡೆದದ್ದನ್ನು ಚಿತ್ರಿಸಿಕೊಂಡವರು ನುಗ್ಗಿದವರೇ. ಆ ಹೆಣ್ಣು ತಮ್ಮ ಸಮುದಾಯದವಳು, ಜೊತೆಗಿದ್ದ ಗಂಡಸು ಬೇರೆ ಧರ್ಮದವನು ಎಂಬುದೇ ನೆಪ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಎಳೆದಾಡಿದಾಗಲೂ ಕ್ಯಾಮೆರಾ ಅಲ್ಲೇ ಇತ್ತು. ಅಲ್ಲಿನ ಧ್ವಜ ಬೇರೆ, ಇಲ್ಲಿನ ಧ್ವಜ ಬೇರೆ. ಹೆಣ್ಣಿನ ಮೈ ತಮ್ಮ ಕುಲದ ಆಸ್ತಿ ಎಂಬ ನಂಬಿಕೆ ಒಂದೇ. ಇದು ಜಾತಿಯಿಂದ ಕಲಿತ ಪಾಠ. ಧರ್ಮ ಬದಲಾದರೂ ಪಾಠ ಮರೆಯುವುದಿಲ್ಲ.

ಹಿರೇಕೆರೂರು ತಾಲೂಕಿನ ಅಬ್ಬಲೂರಿಗೆ ಹೋದವರು ಸೋಮೇಶ್ವರ ಗುಡಿಯನ್ನು ನೋಡಿರಬಹುದು. ಸುಮಾರು 1200ರ ಹೊತ್ತಿನ ಶಾಸನ ಅಲ್ಲಿದೆ. ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ತಲೆ ಕತ್ತರಿಸಿಕೊಂಡದ್ದು, ಏಳು ದಿನದ ಮೇಲೆ ತಲೆ ಮರಳಿ ಪಡೆದದ್ದು, ಮಾತಿಗೆ ತಪ್ಪಿದರೆಂದು ಜಿನಬಿಂಬವನ್ನು ಒಡೆದದ್ದು, ಬಿಜ್ಜಳ ಜಯಪತ್ರ ಕೊಟ್ಟದ್ದು, ಎಲ್ಲ ಕಥೆಯಾಗಿ ಬರುತ್ತದೆ. ಗುಡಿಯಲ್ಲಿ ಅದೇ ಕಥೆಯ ಕೆತ್ತನೆಗಳಿವೆ, ಅವುಗಳಿಗೆ ಬರಹದ ವಿವರಣೆಯೂ ಇದೆ. ಓದಬಲ್ಲವನಿಗೆ ಅಕ್ಷರ, ಓದಲಾರದವನಿಗೆ ಚಿತ್ರ. ನಾನು ಶರಣರ ಬಗ್ಗೆ ಹಗುರಾಗಿ ಮಾತಾಡುತ್ತಿಲ್ಲ. ಅವರ ವಚನ ಇಲ್ಲದಿದ್ದರೆ ನನ್ನಂಥವನ ಬಾಯಿಗೆ ಭಾಷೆ ಬರುತ್ತಿರಲಿಲ್ಲ. ಆದರೆ ಒಡೆದದ್ದನ್ನು ಕಲ್ಲಿನಲ್ಲಿ ಕೊರೆದು ಮುಂದಿನ ತಲೆಮಾರಿಗೆ ತೋರಿಸುವುದು ಒಂದು ಪ್ರಚಾರವೇ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ನಮ್ಮ ಹಿರಿಯರು ಗುಡಿಗಳ ಒಳಗೆ ಹೋಗುವಂತಿರಲಿಲ್ಲ. ಹೀಗಾಗಿ ಈ ಪಾಠಶಾಲೆಗೂ ನಮಗೆ ಪ್ರವೇಶ ಸಿಕ್ಕಲಿಲ್ಲವೆನ್ನಿ.

ಇದಕ್ಕೆ ಉತ್ತರವಾಗಿ ಎಲ್ಲರೂ ಶಿಗ್ಗಾಂವಿ ತಾಲೂಕಿನ ಶಿಶುನಾಳದ ಕಡೆ ಕೈ ತೋರಿಸುತ್ತಾರೆ. ಶರೀಫರು (1819-1889) ಮತ್ತು ಗುರು ಗೋವಿಂದಭಟ್ಟರ ಸಂಬಂಧ ಈ ನೆಲದ ದೊಡ್ಡ ಸಂಗತಿ. ಭಜನಾ ಮೇಳ, ಕ್ಯಾಸೆಟ್ಟು, 1990ರ ನಾಗಾಭರಣರ ಸಿನಿಮಾ, ಹೀಗೆ ಆ ಹಾಡುಗಳು ಊರೂರು ಮುಟ್ಟಿವೆ. ಆದರೆ ಗಲಭೆಯಾದಾಗಲೆಲ್ಲ ನಡೆಯುವ ಭಾವೈಕ್ಯ ಸಮಾವೇಶಗಳಲ್ಲಿ ಸ್ವಾಮಿಗಳ ಪಕ್ಕ ಮುಲ್ಲಾ ಕೂರುತ್ತಾರೆ, ಕೇರಿಯವ ಕುರ್ಚಿ ಜೋಡಿಸುತ್ತಾನೆ. ಶರೀಫರು ಇದನ್ನು ನೋಡಿದ್ದರೆ ಏನಂತಿದ್ದರೋ.

ನಮ್ಮ ಚಳವಳಿಯ ಕಡೆಗೆ ಬರೋಣ. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರು ಮುಟ್ಟಿದ ಮೇಲೆ ನಮ್ಮವರ ಮೇಲೆ ಹಲ್ಲೆಯಾಯಿತು. ತಿರುಗಿ ಹೊಡೆಯಲು ಸಿದ್ಧರಾಗಿದ್ದ ತರುಣರನ್ನು ಬಾಬಾಸಾಹೇಬರು ತಡೆದರು. ಏಪ್ರಿಲ್ 3ಕ್ಕೆ 'ಬಹಿಷ್ಕೃತ ಭಾರತ' ಪತ್ರಿಕೆ ಹೊರಟಿತು. 1920ರಲ್ಲೇ 'ಮೂಕನಾಯಕ' ಬಂದಿತ್ತು. ಹೊಡೆತ ತಿಂದ ಎರಡೇ ವಾರಕ್ಕೆ ಪತ್ರಿಕೆ! ತರುಣರ ಸಿಟ್ಟನ್ನು ಆರಿಸಲಿಕ್ಕಲ್ಲ, ಅದಕ್ಕೊಂದು ವಿಳಾಸ ಕೊಡಲಿಕ್ಕೆ ಎಂದು ನಾನು ತಿಳಿಯುತ್ತೇನೆ. ಕರ್ನಾಟಕದಲ್ಲಿ 1973ರ ಬೂಸಾ ಪ್ರಕರಣದ ನಂತರ ದಲಿತ ಸಂಘರ್ಷ ಸಮಿತಿ, 'ಪಂಚಮ', 1975ರ 'ಹೊಲೆಮಾದಿಗರ ಹಾಡು' ಬಂದದ್ದೂ ಹೀಗೇ. ಆ ಹಾಡುಗಳಲ್ಲಿ ಒದೆಯುವ ಮಾತಿತ್ತು ಎಂದು ಈಗಲೂ ಕೆಲವರು ಆಕ್ಷೇಪಿಸುತ್ತಾರೆ. ಹಾಡಿನಲ್ಲಿ ಒದ್ದವರು ನಾವು, ಬೀದಿಯಲ್ಲಿ ಒದೆ ತಿಂದವರೂ ನಾವೇ. ಲೆಕ್ಕ ಸರಿಯಾಗಿ ಇಡಿ.

ಬಿಹಾರದ ಬೆಲ್ಚಿಯಲ್ಲಿ 1977ರ ಮೇ ತಿಂಗಳಲ್ಲಿ 11 ಮಂದಿಯನ್ನು ಕೊಂದು ಸುಟ್ಟರು. ಅದನ್ನಿಟ್ಟುಕೊಂಡು 'ಸಮುದಾಯ' ಮಾಡಿದ ಬೀದಿನಾಟಕವನ್ನು ಧಾರವಾಡದಲ್ಲಿ ಓದುವಾಗ ನೋಡಿ, ಊರಿಗೆ ಬಂದು ನಾವೂ ಒಂದು ತಂಡ ಕಟ್ಟಿದೆವು. ಆಗಿನ್ನೂ ಹಾವೇರಿ ಜಿಲ್ಲೆಯಾಗಿರಲಿಲ್ಲ. ಅದು ಆದದ್ದು 1997ಕ್ಕೆ. ಏಳೆಂಟು ಹುಡುಗರು, ಎರಡು ಹಲಗೆ, ಒಂದು ಕೆಂಪು ಟವೆಲ್ಲು. ನಾಟಕ ನಮ್ಮದೇ. ನಾನು ಗೌಡನ ಪಾತ್ರ ಮಾಡುತ್ತಿದ್ದೆ. ಹಾನಗಲ್ ಸೀಮೆಯ ಒಂದು ಊರಿನಲ್ಲಿ, ಗುಡಿಸಲಿಗೆ ಬೆಂಕಿ ಹಚ್ಚಲು ನಾನು ಆಜ್ಞೆ ಮಾಡಿದ ಕೂಡಲೆ ಹಿಂದಿನಿಂದ ಸಿಳ್ಳೆ ಬಿತ್ತು. ಕಟ್ಟೆಯ ಮೇಲೆ ಕೂತ ಮೇಲ್ಕೇರಿಯ ಹುಡುಗರು. ಅವರು ಅಣಕಿಸುತ್ತಿದ್ದಾರೆ ಎಂದುಕೊಂಡೆ. ಇಲ್ಲ, ನಿಜಕ್ಕೂ ಮೆಚ್ಚಿದ್ದರು. ನಾಟಕ ಮುಗಿದ ಮೇಲೆ ಒಬ್ಬ ಬಂದು, "ಗೌಡನ ಪಾರ್ಟು ಭಾರಿ ಮಾಡಿದಿ ನೋಡಪಾ" ಎಂದು ಬೆನ್ನು ತಟ್ಟಿದ. ನಮ್ಮವರ ಹುಡುಗರೂ ಮರುದಿನ ಕೇರಿಯಲ್ಲಿ ಆಟವಾಡುವಾಗ ಗೌಡನಾಗಲು ಜಗಳ ಕಾಯುತ್ತಿದ್ದರು. ಬೆನ್ನು ತಟ್ಟಿಸಿಕೊಂಡ ನನಗೆ ಆ ರಾತ್ರಿ ಖುಷಿಯಾಗಿತ್ತು ಎಂಬುದನ್ನೂ ಬರೆಯಬೇಕು.

ಆಮೇಲೆ ವಾರಗಟ್ಟಲೆ ಜಗಳ ನಡೆಯಿತು. ಕೊನೆಗೆ ಗೌಡನ ಮಾತುಗಳನ್ನೆಲ್ಲ ಕಿತ್ತು ಹಾಕಿದೆವು. ಗೌಡನಿಗೆ ನಾಟಕದಲ್ಲಿ ಬಾಯಿಯೇ ಇಲ್ಲ. ಬೆಂಕಿಯನ್ನೂ ತೋರಿಸಲಿಲ್ಲ. ಒಬ್ಬಾಕೆ ಸುಟ್ಟ ಮನೆಯ ಸಾಮಾನು ಎಣಿಸುತ್ತಾಳೆ: ಒಂದು ಹರಿವಾಣ, ಎರಡು ಕೌದಿ, ಜೋಳದ ಚೀಲ, ಮಗನ ಪಾಟಿ. ಅಷ್ಟೇ. ಸಿಳ್ಳೆ ನಿಂತಿತು. ಮೆಚ್ಚುಗೆಯೂ ಕಮ್ಮಿಯಾಯಿತು, ಮಂದಿ ಎದ್ದು ಹೋಗುತ್ತಿದ್ದರು. ಉಳಿದವರಲ್ಲಿ ಮೇಲ್ಕೇರಿಯ ಹೆಂಗಸರೂ ಇರುತ್ತಿದ್ದರು. ಹಿಂಸೆಯ ವಿರುದ್ಧ ಪ್ರಚಾರ ಮಾಡುವ ಗೆಳೆಯರು ಹಿಂಸೆಯನ್ನು ಎಷ್ಟು ಚೆಂದಗೆ ತೋರಿಸಬೇಕು ಎಂದು ಯೋಚಿಸುವಾಗ ನನಗೆ ಆ ಸಿಳ್ಳೆ ನೆನಪಾಗುತ್ತದೆ.

2008ರ ಆಗಸ್ಟಿನಲ್ಲಿ 'ಬ್ರೇಕ್‌ಥ್ರೂ' ಸಂಸ್ಥೆಯವರ 'ಬೆಲ್ ಬಜಾವೊ' ಪ್ರಚಾರ ಶುರುವಾಯಿತು. ಟಿವಿ, ರೇಡಿಯೋ, ಪತ್ರಿಕೆ, ಜೊತೆಗೆ ಊರೂರು ತಿರುಗುವ ವಿಡಿಯೋ ವ್ಯಾನು. ಕರ್ನಾಟಕದಲ್ಲೂ ವ್ಯಾನು ಓಡಾಡಿತು. ಜಾಹೀರಾತು ಸರಳ. ಒಳಗೆ ಹೆಂಡತಿಯನ್ನು ಹೊಡೆಯುವ ಸದ್ದು. ಕ್ರಿಕೆಟ್ ಆಡುತ್ತಿದ್ದ ಹುಡುಗ ಹೋಗಿ ಬೆಲ್ ಒತ್ತಿ, "ಬಾಲ್ ಬಂದಿದೆಯಾ" ಅನ್ನುತ್ತಾನೆ. ಬಾಲ್ ಅವನ ಕೈಯಲ್ಲೇ ಇರುತ್ತದೆ. ಹೊಡೆಯುವವನಿಗೆ ಗೊತ್ತಾಗುತ್ತದೆ: ಹೊರಗೆ ಕಿವಿ ಇದೆ. ಇದನ್ನು ನಾನು ಮೆಚ್ಚುತ್ತೇನೆ. ಹೊಡೆತವನ್ನು ತೋರಿಸಲಿಲ್ಲ, ಹೆಣ್ಣಿಗೆ ಉಪದೇಶ ಮಾಡಲಿಲ್ಲ, ಗಂಡಸರಿಗೆ ಮಾಡಲು ಒಂದು ಸಣ್ಣ ಕೆಲಸ ಕೊಟ್ಟಿತು. ನಮ್ಮ ನಾಟಕಗಳು ನೋಡಿದವನಿಗೆ ಸಿಟ್ಟು ಕೊಟ್ಟವೇ ಹೊರತು ಮಾಡಲು ಕೆಲಸ ಕೊಡಲಿಲ್ಲ.

ಆದರೆ ಆ ಬೆಲ್ ಯಾರ ಬಾಗಿಲಿನದು? ಆ ಹುಡುಗ ಯಾವ ಓಣಿಯವನು? ಜಾಹೀರಾತಿನ ಹುಡುಗ ಹಿಂದೆಮುಂದೆ ನೋಡದೆ ಮೆಟ್ಟಿಲು ಹತ್ತುತ್ತಾನೆ. ನಮ್ಮ ಹುಡುಗ ಆ ಜಗಲಿ ಹತ್ತಿದರೆ ಒಳಗಿನ ಹೊಡೆತ ನಿಂತು ಹೊರಗಿನದು ಶುರುವಾಗುತ್ತದೆ. ನೆರೆಹೊರೆ ಎಂಬ ಪದವನ್ನು ಜಾತಿ ಬಿಟ್ಟು ಬಳಸುವ ಪ್ರಚಾರ ನಗರದಲ್ಲೇ ಉಳಿಯುತ್ತದೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲು ಸುಟ್ಟದ್ದು ಸಿನಿಮಾ ಥಿಯೇಟರಿನ ಜಗಳದ ನೆಪದಿಂದ. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಬಹುಪಾಲು ಜನಕ್ಕೆ ಹೈಕೋರ್ಟಿನಿಂದ ಜಾಮೀನೂ ಸಿಕ್ಕಿತು. ತೀರ್ಪು ಒಂದು ದಿನದ ಸುದ್ದಿ. ಜಾಮೀನು ಊರಿನ ಸುದ್ದಿ.

ಸವಣೂರಿನದು ಇದಕ್ಕೆಲ್ಲ ತಿರುವುಮುರುವಾದ ಕಥೆ. 2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದವರು ದಶಕಗಳಿಂದ ಇದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮೈಗೆ ಮಲ ಸುರಿದುಕೊಂಡರು. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಮಲ ಹೊರುವುದನ್ನು ನಿಷೇಧಿಸಿ ಮೂರು ದಶಕ ದಾಟಿತ್ತು. 1993ರ ಕೇಂದ್ರ ಕಾನೂನೂ ಇತ್ತು. ಅರ್ಜಿಗಳಿಗೆ ಬಾರದ ಕ್ಯಾಮೆರಾ ಅವತ್ತು ಬಂತು, ಕ್ಯಾಮೆರಾದ ಹಿಂದೆ ಅಧಿಕಾರಿಗಳು ಬಂದರು. ಯಾವ ಜಾಹೀರಾತು ಕಂಪನಿಯೂ ಇಲ್ಲದೆ ನಡೆದ ಪ್ರಚಾರ ಅದು. ಅದರ ಬೆಲೆಯನ್ನು ಅವರ ಮೈಯೇ ತೆತ್ತಿತು. ಹಿಂಸೆ ಎಂದರೆ ಕತ್ತಿ, ಬೆಂಕಿ ಎಂದು ಕಲಿತ ತರುಣರಿಗೆ ಇದು ಹಿಂಸೆ ಎಂದು ಅರ್ಥ ಮಾಡಿಸುವುದು ಬಹಳ ಕಷ್ಟ. ನಮ್ಮ ಹಾಸ್ಟೆಲ್ಲಿನ ಹುಡುಗರೇ "ಛೀ" ಅಂದರು. ನಾನು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಅವರೇ ತಲೆ ತಗ್ಗಿಸಿದರು.

ಅವತ್ತೇ 'ಬೆಲ್ ಬಜಾವೊ' ಜಾಹೀರಾತನ್ನೂ ತೋರಿಸಿದೆ. ಹಿರೇಕೆರೂರು ಕಡೆಯ ಒಬ್ಬ ಹುಡುಗ, ಹೆಚ್ಚು ಮಾತಾಡದವನು, ತಾನೂ ಹೀಗೆ ಮಾಡಿದ್ದೇನೆ ಅಂದ. ರಜೆಯಲ್ಲಿ ಕೂಲಿಗೆ ಹೋದ ಮನೆಯಲ್ಲಿ ಒಡೆಯ ಹೆಂಡತಿಯನ್ನು ಬಡಿಯುತ್ತಿದ್ದನಂತೆ. ಜಗಲಿ ಹತ್ತುವಂತಿಲ್ಲ. ಇವನು ಬೀದಿಯಲ್ಲೇ ನಿಂತು, "ಯಜಮಾನ್ರ, ನಿಮ್ಮ ಎಮ್ಮಿ ಬ್ಯಾರೇದವರ ಹೊಲಕ್ಕ ಬಿದ್ದಾವ್ರೀ" ಎಂದು ಕೂಗಿದ. ಒಡೆಯ ಬಡಿಗೆ ಹಿಡಿದುಕೊಂಡೇ ಹೊರಗೆ ಓಡಿ ಬಂದ. ಎಮ್ಮೆ ಕೊಟ್ಟಿಗೆಯಲ್ಲೇ ಇತ್ತು.

"ಮುಂದ?" ಅಂದೆ.

"ಆಯಮ್ಮ ಕಿಟಕ್ಯಾಗ ನಿಂತು ನೋಡಿದ್ಲರಿ. ನನಗ ಮರುದಿನದಿಂದ ಕೂಲಿಗೆ ಕರೀಲಿಲ್ಲ."