ಪ್ರಾಚೀನ ಕಲಾವಸ್ತುಗಳ ಕಾನೂನು: ನಾಗಲಮಡಿಕೆ ಸೀಮೆ

ಹಳೆಯ ಶಿಲ್ಪ, ಚಿತ್ರ, ಶಾಸನಗಳ ಒಡೆತನ ಮತ್ತು ಸಾಗಣೆಯನ್ನು ಕಟ್ಟುಪಾಡಿಗೆ ತಂದ ಕಾಯ್ದೆಗಳಿಗೆ ಭಾರತದಲ್ಲಿ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ. ಬ್ರಿಟಿಷ್ ಭಾರತದ 1878ರ ನಿಧಿ ಕಾಯ್ದೆ, ನೆಲದಡಿ ಸಿಕ್ಕ ಹತ್ತು ರೂಪಾಯಿಗೆ ಮೀರಿದ ವಸ್ತುವನ್ನು ಕಲೆಕ್ಟರಿಗೆ ತಿಳಿಸಬೇಕೆಂದಿತು. 1904ರ ಕಾಯ್ದೆ ಸ್ಮಾರಕಗಳನ್ನು ಕಾಯಿತು. 1947ರದು ರಫ್ತಿಗೆ ಕಡಿವಾಣ ಹಾಕಿತು. 1976ರ ಏಪ್ರಿಲ್ 5ರಂದು ಜಾರಿಗೆ ಬಂದ 1972ರ ಕೇಂದ್ರ ಕಾಯ್ದೆಯಡಿ, ನೂರು ವರ್ಷ ದಾಟಿದ ಶಿಲ್ಪವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಇವುಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ: ಕಲ್ಲು ಕೈ ಬದಲಾಯಿಸುವಾಗ ಕಾನೂನು ಎಚ್ಚರವಾಗಿರುತ್ತದೆ, ಊರಲ್ಲೇ ನಿಂತಿರುವ ಕಲ್ಲನ್ನು ಅಷ್ಟಾಗಿ ಗಮನಿಸುವುದಿಲ್ಲ.

ತುಮಕೂರು ಜಿಲ್ಲೆಯನ್ನೇ ನೋಡಿದರೆ, ಶಿರಾದ ಮಲಿಕ್ ರಿಹಾನ್ ಗೋರಿ, ಮಧುಗಿರಿಯ ಕೋಟೆ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿವೆ. ಆದರೆ ಪಾವಗಡ ತಾಲ್ಲೂಕಿನಲ್ಲಿ ಉತ್ತರ ಪಿನಾಕಿನಿಯ ದಡದ ನಾಗಲಮಡಿಕೆ ಸುಬ್ರಹ್ಮಣ್ಯ ಕ್ಷೇತ್ರದಿಂದ ಹಿಡಿದು ಈ ಸೀಮೆಯ ಊರೂರಲ್ಲಿ ಕಲೆ ಇರುವುದು ಅರಳಿಕಟ್ಟೆಯ ನಾಗರಕಲ್ಲುಗಳಲ್ಲಿ, ಹೊಲದ ಬದುವಿನ ವೀರಗಲ್ಲುಗಳಲ್ಲಿ. ಬಿ.ಎಲ್. ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ತುಮಕೂರು ಸಂಪುಟ, ಶಾಸನವಿದ್ದ ಕಲ್ಲು ಯಾವ ಊರಿನ ಯಾವ ಗುಡಿಯ ಮುಂದಿದೆ ಎಂಬುದನ್ನೂ ದಾಖಲಿಸಿತು. ಅಕ್ಷರವಿಲ್ಲದ ಕಲ್ಲುಗಳಿಗೆ ಆ ದಾಖಲೆಯಲ್ಲಿ ಜಾಗ ಸಿಗಲಿಲ್ಲ. ದಾಖಲೆಯಿಲ್ಲದ ಕಲ್ಲು ಕಳುವಾದರೆ, ಅದು ಇಂಥ ಊರಿನದೇ ಎಂದು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಕಷ್ಟ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡ ತಾಲ್ಲೂಕಿನಲ್ಲಿ ರಾಜ್ಯದ ಗಡಿ ದಾಟುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕರ್ನಾಟಕದ 1961ರ ಸ್ಮಾರಕ ಕಾಯ್ದೆಯ ಅಧಿಕಾರ ಆ ಗಡಿಗೇ ಮುಗಿಯುತ್ತದೆ.

ಹಾಗಾದರೆ ಎಲ್ಲವನ್ನೂ ಸಂಗ್ರಹಾಲಯಕ್ಕೆ ಸಾಗಿಸಬಾರದೇಕೆ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಎಣ್ಣೆ, ಸುಣ್ಣ, ಬಣ್ಣಗಳಿಂದ ಕೆತ್ತನೆ ಮಾಸುತ್ತದೆ. ನಿಧಿಯಾಸೆಗೆ ಕಲ್ಲಿನ ಬುಡ ಅಗೆಯುವವರೂ ಇದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೇ ಶತಮಾನದ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದ್ದರಿಂದಲೇ, ಹಂದಿಯೊಡನೆ ಕಾದಾಡಿದ ನಾಯಿ ಕಾಳಿಯ ಕೆತ್ತನೆಯನ್ನು ಇಂದು ಯಾರಾದರೂ ಹತ್ತಿರ ನಿಂತು ನೋಡಬಹುದು. ಆದರೆ ವೀರ ಕಾದ ಗಡಿಯನ್ನೂ ಪೂಜೆ ನಡೆಯುವ ಕಟ್ಟೆಯನ್ನೂ ಕಲ್ಲಿನೊಡನೆ ಸಾಗಿಸಲಾಗದು. ಅವು ಬಿಟ್ಟುಹೋದರೆ ಕಲ್ಲಿನ ಅರ್ಧ ಅರ್ಥವೇ ಹೋದಂತೆ. ಪೂಜೆ ನಿಲ್ಲಿಸಿದರೆ ಊರಿನವರ ಕಾವಲೂ ಸಡಿಲವಾಗುತ್ತದೆ. ಆದ್ದರಿಂದ ಸ್ಥಳಾಂತರ ಕೊನೆಯ ದಾರಿಯಾಗಬೇಕು. ಅದಕ್ಕೂ ಮೊದಲು ಪ್ರತಿ ಕಲ್ಲಿನ ಫೋಟೊ, ಅಳತೆ, ಸರ್ವೆ ನಂಬರು ಗ್ರಾಮ ಪಂಚಾಯಿತಿಯಲ್ಲೂ ಪುರಾತತ್ವ ಇಲಾಖೆಯಲ್ಲೂ ದಾಖಲಾಗಬೇಕು. ಕಳುವಾದ ಮೇಲೆ ಹುಡುಕಿಕೊಡುವ ಕಾನೂನು ನಮ್ಮಲ್ಲಿದೆ. ಅದಕ್ಕೆ ಬಲ ಬರುವುದು ಕಳುವಿಗೆ ಮುಂಚೆ ಬರೆದಿಟ್ಟ ಇಂಥ ದಾಖಲೆಯಿಂದ.