ಗುರುತಿನ ಹೊಣೆ: ವಿಶಾಖಪಟ್ಟಣ ಮತ್ತು ವಿಜಯವಾಡದ ಎರಡು ಮೊಕದ್ದಮೆಗಳು

ಅಪರಾಧವೊಂದು ನಡೆದಿದೆ ಎಂಬುದು ಒಂದು ಮಾತು. ನಡೆಸಿದವನು ಇವನೇ ಎಂಬುದು ಬೇರೊಂದು ಮಾತು. ಮೊದಲನೆಯದನ್ನು ಸಂಪೂರ್ಣವಾಗಿ ನಂಬಿದ ನ್ಯಾಯಾಧೀಶರೂ, ಎರಡನೆಯದು ರುಜುವಾತಾಗದಿದ್ದರೆ, ಆರೋಪಿಯನ್ನು ಬಿಡಲೇಬೇಕು. ಅತ್ಯಾಚಾರದ ಮೊಕದ್ದಮೆಗಳಲ್ಲಿ ಈ ಅಂತರವು ಎಂತಹ ಕಂದರವಾಗಬಲ್ಲುದೆಂಬುದನ್ನು ಆಂಧ್ರದಲ್ಲಿ 2007ರಲ್ಲಿ ಮೊದಲಾದ ಎರಡು ಪ್ರಕರಣಗಳು ತೋರಿಸುತ್ತವೆ.

ಮೊದಲು ಕಾನೂನಿನ ಮಾತು. ವ್ಯಕ್ತಿಯ ಗುರುತನ್ನು ಸ್ಥಾಪಿಸುವ ಸಂಗತಿಗಳಿಗೆ 1872ರ ಸಾಕ್ಷ್ಯ ಅಧಿನಿಯಮದ 9ನೆಯ ಕಲಮು ಸ್ಥಾನವಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 7ನೆಯ ಕಲಮು. ಆರೋಪಿಯನ್ನು ಅವನಂತೆ ತೋರುವ ಇತರರ ಸಾಲಿನಲ್ಲಿ ನಿಲ್ಲಿಸಿ, ಮ್ಯಾಜಿಸ್ಟ್ರೇಟರ ಸಮಕ್ಷಮದಲ್ಲಿ ಸಾಕ್ಷಿಯಿಂದ ಗುರುತು ಹಿಡಿಸುವ ಪರೇಡು ಈ ಆಧಾರದ ಮೇಲೆ ಬೆಳೆದ ಪದ್ಧತಿ. ಪ್ರಮಾಣ ಮಾಡಿ ನ್ಯಾಯಾಲಯದಲ್ಲಿ ಗುರುತಿಸುವುದೇ ಮುಖ್ಯ ಸಾಕ್ಷ್ಯ. ಪರೇಡು ಅದಕ್ಕೆ ಊರೆಗೋಲು. ಮಧ್ಯಪ್ರದೇಶದ ಸಾಮೂಹಿಕ ಅತ್ಯಾಚಾರದ ಮೊಕದ್ದಮೆಯೊಂದರಲ್ಲಿ, ಆರೋಪಿಗಳ ಮುಖವನ್ನು ಕಾಣಲು ಸಾಕಷ್ಟು ಅವಕಾಶವಿದ್ದ ಮಹಿಳೆಯ ಮಾತನ್ನು ಪರೇಡಿಲ್ಲದೆಯೂ ನಂಬಬಹುದೆಂದು ಸುಪ್ರೀಂ ಕೋರ್ಟು 2003ರಲ್ಲಿ ಎತ್ತಿಹಿಡಿಯಿತು. ಆದರೆ ವರ್ಷಗಳು ಉರುಳಿದಂತೆ ಊರೆಗೋಲಿಲ್ಲದ ಸಾಕ್ಷ್ಯವು ತತ್ತರಿಸುವುದು ಸಹಜ. 2006ರ ಜೂನ್ 23ರಿಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಎರಡು ಹೊಸ ಸಾಧನಗಳೂ ಸೇರಿದುವು: ಅತ್ಯಾಚಾರದ ಆರೋಪಿಯ ವೈದ್ಯಕೀಯ ಪರೀಕ್ಷೆಯನ್ನೂ ಡಿ.ಎನ್.ಎ. ಮಾದರಿಯನ್ನೂ ಕುರಿತ 53ಎ. ಬಂಧಿತನನ್ನು ಗುರುತಿಗೆ ಒಳಪಡಿಸುವ 54ಎ.

ಮರುವರ್ಷ, 2007ರ ಆಗಸ್ಟ್ 20ರಂದು, ಅಂದಿನ ವಿಶಾಖಪಟ್ಟಣ ಜಿಲ್ಲೆಯ ವಾಕಪಲ್ಲಿ ಎಂಬ ಗಿರಿಜನರ ಹಳ್ಳಿಯಲ್ಲಿ, ಕೊಂಧ್ ಪಂಗಡದ 11 ಮಹಿಳೆಯರು ಗ್ರೇಹೌಂಡ್ಸ್ ಪೊಲೀಸ್ ಪಡೆಯವರಿಂದ ಅತ್ಯಾಚಾರವಾಯಿತೆಂದು ದೂರಿದರು. ಹಳ್ಳಿಗೆ ಬಂದ ಪಡೆ ಯಾವುದೆಂಬುದು ಸರ್ಕಾರಕ್ಕೆ ತಿಳಿದ ವಿಷಯ. ಅವರಲ್ಲಿ ಯಾರು ಎಂಬುದಷ್ಟೇ ಪ್ರಶ್ನೆ. ಆದರೂ ಆ ಮಹಿಳೆಯರೆದುರು ಗುರುತಿನ ಪರೇಡು ನಡೆಯಲಿಲ್ಲ. 13 ಮಂದಿ ವಿಚಾರಣೆ ಎದುರಿಸಬೇಕೆಂದು ಹೈಕೋರ್ಟು 2012ರಲ್ಲಿ ಹೇಳಿತು. ಸುಪ್ರೀಂ ಕೋರ್ಟು 2017ರಲ್ಲಿ ಅದನ್ನೇ ಸ್ಥಿರಪಡಿಸಿತು. 2023ರ ಏಪ್ರಿಲ್ 6ರಂದು ವಿಶಾಖಪಟ್ಟಣದ ವಿಶೇಷ ನ್ಯಾಯಾಲಯವು ತನಿಖೆಯ ಲೋಪಗಳನ್ನು ಎತ್ತಿ ಹೇಳಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಜೊತೆಗೆ ಮಹಿಳೆಯರಿಗೆ ಪರಿಹಾರ ಸಲ್ಲಬೇಕೆಂದೂ ವಿಧಿಸಿತು. ಪರಿಹಾರಕ್ಕೆ ಪಾತ್ರರಾದವರುಂಟು, ಅಪರಾಧಿಗಳಿಲ್ಲ.

ವಿಜಯವಾಡದ ಪ್ರಕರಣ ಇದರ ವಿಪರ್ಯಾಸ. 2007ರ ಡಿಸೆಂಬರ್‌ನಲ್ಲಿ ಸಮೀಪದ ಇಬ್ರಾಹೀಂಪಟ್ಟಣದ ವಸತಿಗೃಹವೊಂದರಲ್ಲಿ ಔಷಧಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಅತ್ಯಾಚಾರಕ್ಕೆ ತುತ್ತಾಗಿ ಕೊಲೆಯಾದಳು. ಗುರುತಿಸಬೇಕಾದವಳೇ ಇಲ್ಲ, ವಸ್ತುಗಳೇ ಮಾತನಾಡಬೇಕು. ಪೊಲೀಸರು ಯುವಕನೊಬ್ಬನನ್ನು ಹಿಡಿದರು. 2010ರಲ್ಲಿ ವಿಜಯವಾಡದ ಮಹಿಳಾ ಸೆಷನ್ಸ್ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು. 2017ರ ಮಾರ್ಚ್ 31ರಂದು ಹೈಕೋರ್ಟು ಅವನನ್ನು ದೋಷಮುಕ್ತನೆಂದು ಸಾರಿ, 1 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆಜ್ಞಾಪಿಸಿತು. ಅಷ್ಟರಲ್ಲಿ ಎಂಟು ವರ್ಷಗಳಿಗೂ ಹೆಚ್ಚು ಕಾಲ ಅವನು ಸೆರೆಯಲ್ಲಿದ್ದನು. ಮರುತನಿಖೆ ಹೊರಟಾಗ ನ್ಯಾಯಾಲಯದ ವಶದಲ್ಲಿದ್ದ ಮುದ್ದೆಮಾಲುಗಳೇ ನಾಶವಾಗಿದ್ದುದು ಬೆಳಕಿಗೆ ಬಂದಿತು. 2018ರಲ್ಲಿ ಹೈಕೋರ್ಟು ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು, 2019ರ ಡಿಸೆಂಬರ್‌ನಲ್ಲಿ, ಹನ್ನೆರಡು ವರ್ಷಗಳ ಅನಂತರ, ಪರೀಕ್ಷೆಗಾಗಿ ಸಮಾಧಿಯನ್ನೇ ಅಗೆಯಬೇಕಾಯಿತು.

ಒಂದೆಡೆ ಕಂಡ ಕಣ್ಣುಗಳಿದ್ದುವು, ತೋರಿಸುವವರಿರಲಿಲ್ಲ. ಇನ್ನೊಂದೆಡೆ ಹಿಡಿದ ಮನುಷ್ಯನಿದ್ದನು, ಅವನನ್ನು ಅಪರಾಧಕ್ಕೆ ಬಿಗಿಯುವ ಪುರಾವೆ ನಿಲ್ಲಲಿಲ್ಲ. ಎರಡೂ ತೀರ್ಪುಗಳು ಸಂಶಯದ ಲಾಭ ಆರೋಪಿಗೆ ಎಂಬ ನಿಯಮಕ್ಕೆ ಹೊರತಾದುವಲ್ಲ. ಆ ನಿಯಮವನ್ನು ಸಡಿಲಿಸಿದರೆ ವಿಜಯವಾಡದ ಯುವಕನಂಥವರ ಸಂಖ್ಯೆ ಬೆಳೆದೀತೇ ಹೊರತು ವಾಕಪಲ್ಲಿಗೆ ನ್ಯಾಯ ಸಿಗದು. ಸಂಶಯ ಹುಟ್ಟಿದುದು ಕಟಕಟೆಯಲ್ಲಲ್ಲ, ತನಿಖೆಯಲ್ಲಿ. ಶಕುಂತಲೆಯ ಕಥೆಯಲ್ಲಿ ಗುರುತಿನ ಉಂಗುರವನ್ನು ತೋರಿಸುವ ಭಾರ ಅವಳದೇ ಆಯಿತು. ಮರೆತ ದೊರೆಯನ್ನು ಕೇಳುವವರಿರಲಿಲ್ಲ. ಇಂದಿನ ಕಾನೂನು ಹಾಗಲ್ಲ. ನೊಂದವಳು ಕಂಡುದನ್ನು ಹೇಳಬಲ್ಲಳು. ಪರೇಡು ನಡೆಸುವುದು, ಮಾದರಿ ಸಂಗ್ರಹಿಸುವುದು, ಸಂಗ್ರಹಿಸಿದುದನ್ನು ಕಾಪಾಡುವುದು ಪ್ರಭುತ್ವದ ಹೊಣೆ. ಆ ಹೊಣೆ ಮೊದಲ ಕೆಲವು ದಿನಗಳಲ್ಲಿ ನೆರವೇರದಿದ್ದರೆ, ಅನಂತರದ ಹದಿನೈದು ವರ್ಷಗಳ ನ್ಯಾಯಾಲಯದ ಶ್ರಮವೂ ಅದನ್ನು ತುಂಬಿಕೊಡಲಾರದೆಂಬುದಕ್ಕೆ ಈ ಎರಡು ಮೊಕದ್ದಮೆಗಳೇ ಸಾಕ್ಷಿ.